ನೋವಿಲ್ಲದ ಗಂಟು ಎಂದು ಸುಮ್ಮನಿರಬೇಡಿ
(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಹಿಂದೊಮ್ಮೆ ಇದೇ ರೀತಿ ಸೇರಿದಾಗ ನಾವು ಸ್ತನದ ಗಂಟಿನ ಬಗ್ಗೆ ಮಾತಾಡಿದ್ದೆವು, ನೆನಪಿದೆಯಾ? ಅವತ್ತು ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ಸಿಸ್ಟರ್, ನಮಗೆ ಗಂಟಾದರೆ ನಿಮ್ಮ ಹತ್ರ ಹೇಳ್ತೀವಿ. ಗಂಡುಮಕ್ಕಳಿಗೆ ಕೆಳಗೆ ಗಂಟಾದರೆ ಅವರು ಯಾರ ಹತ್ರ ಹೇಳಬೇಕು?" ಅಂತ ಕೇಳಿದರು.

ವಿಷಯ ಏನೆಂದರೆ, ಅವರ ಮಗನಿಗೆ ಇಪ್ಪತ್ತಮೂರು ವರ್ಷ. ಪಿಕಪ್ ಗಾಡಿ ಓಡಿಸುತ್ತಾನೆ. ಸ್ನಾನ ಮಾಡುವಾಗ ಒಂದು ಬೀಜ ಕಲ್ಲಿನ ಹಾಗೆ ಗಟ್ಟಿಯಾಗಿರುವುದು ಅವನ ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ನೋವಿಲ್ಲವಲ್ಲ, ತಾನೇ ಹೋಗುತ್ತೆ ಅಂತ ಬಿಟ್ಟ. ಎರಡು ತಿಂಗಳ ಮೇಲೆ ಒಬ್ಬ ಗೆಳೆಯನಿಗೆ ಹೇಳಿದ. ಇಬ್ಬರೂ ಹೋಗಿ ಮೆಡಿಕಲ್ ಶಾಪಿನಲ್ಲಿ ಬಾವು ಇಳಿಯುವ ಮಾತ್ರೆ ತಂದರು. ಐದು ದಿನ ನುಂಗಿದ, ಏನೂ ಆಗಲಿಲ್ಲ. ಏಳನೇ ತಿಂಗಳಿಗೆ ಬೆನ್ನು ನೋವು ಶುರುವಾಗಿ ಮೂಟೆ ಎತ್ತಲು ಆಗದೇ ಹೋಯಿತು. ತಾಯಿ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹುಡುಗ ಅತ್ತುಕೊಂಡು ವಿಷಯ ಹೇಳಿದ.

ಮರುದಿನವೇ ಆಸ್ಪತ್ರೆಗೆ ಕಳಿಸಿದೆವು. ಅದು ವೃಷಣದ ಕ್ಯಾನ್ಸರ್ ಆಗಿತ್ತು. ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಹರಡಿತ್ತು. ಆಪರೇಷನ್ ಆಯಿತು, ಕಿಮೋ ಆಯಿತು, ಕೂದಲೆಲ್ಲ ಉದುರಿ ಮತ್ತೆ ಬಂತು. ಇವತ್ತು ಅವನು ಮತ್ತೆ ಗಾಡಿ ಓಡಿಸುತ್ತಿದ್ದಾನೆ. ಆದರೆ ಆ ತಾಯಿ ಒಂದು ಮಾತು ಹೇಳಿದರು: "ಏಳು ತಿಂಗಳು ಒಂದೇ ಮನೆಯಲ್ಲಿ ಇದ್ದೆವು, ಒಂದೇ ಪಾತ್ರೆಯ ಅನ್ನ ಉಂಡೆವು. ನನಗೆ ಗೊತ್ತಾಗಲಿಲ್ಲ." ಅವರ ಮತ್ತು ಅವರ ಮಗನ ಒಪ್ಪಿಗೆ ಪಡೆದೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಊರು, ಹೆಸರು ಬೇಡ.

ಇದು ಗಂಡಸರ ವಿಷಯ, ನಮಗ್ಯಾಕೆ ಅಂತ ಕೆಲವರು ಅಂದುಕೊಳ್ಳಬಹುದು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ಯಾರು? ಮಗ ಊಟ ಬಿಟ್ಟರೆ ಮೊದಲು ತಿಳಿಯುವುದು ಯಾರಿಗೆ? ಗಂಡನನ್ನು "ನಡೀರಿ, ಡಾಕ್ಟರಿಗೆ ತೋರಿಸೋಣ" ಅಂತ ಎಬ್ಬಿಸುವವರು ಯಾರು? ಎಲ್ಲ ನಾವೇ ಅಲ್ವಾ? ಅದಕ್ಕೇ ಇದು ನಮ್ಮ ವಿಷಯವೂ ಹೌದು.

ಮೊದಲು ಸರಿಯಾಗಿರುವುದು ಹೇಗಿರುತ್ತದೆ ಅಂತ ತಿಳಿಯೋಣ

ನಾವು ಮಾತಿನಲ್ಲಿ ಬೀಜ ಅನ್ನುತ್ತೇವೆ, ಡಾಕ್ಟರು ವೃಷಣ ಅನ್ನುತ್ತಾರೆ. ಒಂದು ಚರ್ಮದ ಚೀಲದೊಳಗೆ ಎರಡು ಇರುತ್ತವೆ. ಒಂದು ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ ಇರುವುದು ಸಹಜ. ಒಂದು ತುಸು ದೊಡ್ಡದಾಗಿರುವುದೂ ಸಹಜ. ಮುಟ್ಟಿದರೆ ನುಣುಪಾಗಿ, ಸಿಪ್ಪೆ ತೆಗೆದ ಬೇಯಿಸಿದ ಮೊಟ್ಟೆಯ ಹಾಗೆ ಸ್ವಲ್ಪ ಮೆತ್ತಗೆ ಇರುತ್ತದೆ. ಹಿಂಬದಿಯಲ್ಲಿ ಮೆತ್ತಗಿನ ಹಗ್ಗದ ಸುರುಳಿಯಂಥದ್ದು ಸಿಗುತ್ತದೆ. ಅದು ವೀರ್ಯ ಸಾಗುವ ನಾಳ, ಗಂಟಲ್ಲ. ಅದನ್ನು ಮುಟ್ಟಿ ಹೆದರುವ ಹುಡುಗರು ಬಹಳ.

ವೃಷಣಕ್ಕೆ ಎರಡು ಕೆಲಸ. ಒಂದು, ವೀರ್ಯಾಣು ತಯಾರಿಸುವುದು. ಎರಡು, ಗಡ್ಡ ಮೀಸೆ, ಗಂಡು ದನಿ, ಮೈಕಟ್ಟು ಕೊಡುವ ಹಾರ್ಮೋನು ತಯಾರಿಸುವುದು. ದೇವರು ಎರಡು ಕೊಟ್ಟಿದ್ದಾನೆ, ಆದರೆ ಆರೋಗ್ಯವಾಗಿರುವ ಒಂದೇ ಇದ್ದರೂ ಈ ಎರಡು ಕೆಲಸವೂ ಸಾಮಾನ್ಯವಾಗಿ ನಡೆಯುತ್ತದೆ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಂಟೆಲ್ಲ ಕ್ಯಾನ್ಸರ್ ಅಲ್ಲ

ಚೀಲದಲ್ಲಿ ಬಾವು ಅಥವಾ ಗಂಟು ಕಂಡ ಕೂಡಲೇ ಕ್ಯಾನ್ಸರ್ ಅಂತ ಎದೆ ಒಡೆದುಕೊಳ್ಳಬೇಡಿ. ಹೆಚ್ಚಿನವು ಬೇರೆ ಕಾರಣದವು.

ನೀರು ತುಂಬುವುದು: ವೃಷಣದ ಸುತ್ತ ನೀರು ಸೇರಿ ಚೀಲ ಊದಿಕೊಳ್ಳುತ್ತದೆ. ಡಾಕ್ಟರು ಹೈಡ್ರೋಸಿಲ್ ಅನ್ನುತ್ತಾರೆ. ಹುಟ್ಟಿದ ಮಕ್ಕಳಲ್ಲಿ ಕಾಣಿಸಿದರೆ ಹೆಚ್ಚಾಗಿ ಒಂದು ವರ್ಷದೊಳಗೆ ತಾನೇ ಇಳಿಯುತ್ತದೆ. ದೊಡ್ಡವರಲ್ಲಿ ಆನೆಕಾಲು ರೋಗದ ಹುಳದಿಂದಲೂ ಬರುತ್ತದೆ. ನಮ್ಮ ರಾಜ್ಯದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮತ್ತು ಕರಾವಳಿಯ ಮೂರು ಜಿಲ್ಲೆಗಳಲ್ಲಿ ಆನೆಕಾಲು ರೋಗ ಹಿಂದಿನಿಂದ ಇದೆ. ಕೊಳಚೆ ನೀರಿನಲ್ಲಿ ಬೆಳೆಯುವ ಸೊಳ್ಳೆ ಇದನ್ನು ಹರಡುತ್ತದೆ. ಚಿಕ್ಕ ಆಪರೇಷನ್ನಿನಿಂದ ನೀರಿನ ಬಾವು ಗುಣವಾಗುತ್ತದೆ. ಪಂಚೆಯೊಳಗೆ ಮುಚ್ಚಿಕೊಂಡು ಹತ್ತು ವರ್ಷ ಸಂಕಟಪಡುವ ಅಗತ್ಯವೇ ಇಲ್ಲ.

ಕರುಳು ಇಳಿಯುವುದು: ಇದು ಹರ್ನಿಯಾ. ಕೆಮ್ಮಿದರೆ, ಭಾರ ಎತ್ತಿದರೆ ಬಾವು ದೊಡ್ಡದಾಗುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಇದಕ್ಕೂ ಆಪರೇಷನ್ ಇದೆ. ಬಾವು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಕರುಳು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಆಗ ಒಂದು ಗಳಿಗೆಯೂ ತಡ ಮಾಡಬಾರದು.

ನರ ಊದಿಕೊಳ್ಳುವುದು: ಮುಟ್ಟಿದರೆ ಎರೆಹುಳುಗಳ ಗುಂಪಿನ ಹಾಗೆ ಸಿಗುತ್ತದೆ. ಹೆಚ್ಚಾಗಿ ಎಡಗಡೆ. ನೂರು ಗಂಡಸರಲ್ಲಿ ಸುಮಾರು ಹದಿನೈದು ಜನರಿಗೆ ಇರುತ್ತದೆ. ಎಷ್ಟೋ ಜನರಿಗೆ ತೊಂದರೆಯೇ ಆಗುವುದಿಲ್ಲ. ಮಕ್ಕಳಾಗದಿದ್ದಾಗ ಡಾಕ್ಟರು ಇದನ್ನೂ ಪರೀಕ್ಷಿಸುತ್ತಾರೆ. ಬಲಗಡೆ ಮಾತ್ರ ಬಂದಿದ್ದರೆ, ಅಥವಾ ಮಲಗಿದಾಗಲೂ ಇಳಿಯದಿದ್ದರೆ, ಹೊಟ್ಟೆಯ ಸ್ಕ್ಯಾನಿಂಗ್ ಬೇಕಾಗಬಹುದು.

ಸೋಂಕು: ಜ್ವರ, ಉರಿಮೂತ್ರ, ನೋವು, ಕೆಂಪು ಬಾವು ಇರುತ್ತದೆ. ಮಂಗನಬಾವು ಬಂದ ಒಂದು ವಾರದ ಹೊತ್ತಿಗೆ ದೊಡ್ಡ ಹುಡುಗರಿಗೆ ವೃಷಣ ಊದಿಕೊಳ್ಳುವುದೂ ಉಂಟು. ಕ್ಷಯ ರೋಗ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ಇಲ್ಲಿಗೂ ಬರಬಹುದು. ಸರಿಯಾದ ಔಷಧ ಪೂರ್ತಿ ತೆಗೆದುಕೊಂಡರೆ ಗುಣವಾಗುತ್ತದೆ.

ಹಾಗಾದರೆ ಯಾವುದು ನೀರು, ಯಾವುದು ನರ, ಯಾವುದು ಕ್ಯಾನ್ಸರ್ ಅಂತ ನಾವು ಮನೆಯಲ್ಲೇ ತೀರ್ಮಾನ ಮಾಡಬಹುದಾ? ಆಗುವುದಿಲ್ಲ. ನೀರಿನ ಹಿಂದೆಯೇ ಗಂಟು ಅಡಗಿರಬಹುದು. ಅದಕ್ಕೆ ಒಂದೇ ನಿಯಮ: ಹೊಸದಾಗಿ ಕಂಡ ಯಾವ ಗಂಟನ್ನೂ, ಯಾವ ಬಾವನ್ನೂ ಡಾಕ್ಟರ ಕೈಯಲ್ಲಿ ಪರೀಕ್ಷೆ ಮಾಡಿಸದೆ ಬಿಡಬಾರದು.

ಓಡಬೇಕಾದ ಹೊತ್ತು

ಈಗ ಹೇಳುವುದನ್ನು ಹತ್ತರಿಂದ ಇಪ್ಪತ್ತು ವರ್ಷದ ಗಂಡುಮಕ್ಕಳಿರುವ ತಾಯಂದಿರು ಗಮನವಿಟ್ಟು ಕೇಳಿ. ಕೆಲವೊಮ್ಮೆ ವೃಷಣವು ತನ್ನ ನಾಳದ ಮೇಲೆ ತಾನೇ ತಿರುಚಿಕೊಳ್ಳುತ್ತದೆ. ಬಾವಿಯ ಹಗ್ಗ ತಿರುಚಿದ ಹಾಗೆ. ಆಗ ರಕ್ತ ಹೋಗುವುದು ನಿಲ್ಲುತ್ತದೆ. ಆಟ ಆಡುವಾಗ ಆಗಬಹುದು, ಮಧ್ಯರಾತ್ರಿ ನಿದ್ದೆಯಲ್ಲೂ ಆಗಬಹುದು. ಇದ್ದಕ್ಕಿದ್ದ ಹಾಗೆ ವಿಪರೀತ ನೋವು, ವಾಂತಿ, ಒಂದು ಬೀಜ ಮೇಲಕ್ಕೆ ಎಳೆದುಕೊಂಡಿರುವುದು ಇದರ ಲಕ್ಷಣ.

ಹುಡುಗ ನಾಚಿಕೆಯಿಂದ "ಹೊಟ್ಟೆ ನೋವು" ಅಂತ ಮಾತ್ರ ಹೇಳುತ್ತಾನೆ. ನಾವು ಓಮದ ಕಷಾಯ ಕೊಟ್ಟು ಮಲಗಿಸುತ್ತೇವೆ. ಬೆಳಿಗ್ಗೆ ನೋಡೋಣ ಅನ್ನುತ್ತೇವೆ. ಬೆಳಿಗ್ಗೆಗೆ ಅವಕಾಶ ಕೈತಪ್ಪಿರುತ್ತದೆ. ಆರು ಗಂಟೆಯೊಳಗೆ ಆಪರೇಷನ್ ಆದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವೃಷಣ ಉಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿಯುವುದು ಅಪರೂಪ. ಆದ್ದರಿಂದ ಹುಡುಗ ಕಿಬ್ಬೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರೆ, "ಮಗಾ, ಕೆಳಗೂ ನೋವಿದೆಯಾ?" ಅಂತ ಒಂದು ಮಾತು ಕೇಳಿ. ಹೌದು ಅಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, 108ಕ್ಕೆ ಫೋನ್ ಮಾಡಿ. ಸರ್ಜನ್ ಇರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಊಟ, ಕಾಫಿ ಕೊಡಬೇಡಿ, ಆಪರೇಷನ್ ಬೇಕಾಗಬಹುದು. ಬಿಸಿ ಶಾಖ ಕೊಡುವುದು, ತಿಕ್ಕುವುದು ಖಂಡಿತ ಬೇಡ.

ಕ್ಯಾನ್ಸರ್ ಬಗ್ಗೆ

ವೃಷಣದ ಕ್ಯಾನ್ಸರ್ ನಮ್ಮ ದೇಶದಲ್ಲಿ ಬಹಳ ಕಡಿಮೆ. ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಇದರ ಗುಣ ಬೇರೆ. ಬೇರೆ ಕ್ಯಾನ್ಸರುಗಳು ಹೆಚ್ಚಾಗಿ ವಯಸ್ಸಾದ ಮೇಲೆ ಬರುತ್ತವೆ. ಇದು ಹದಿನೈದರಿಂದ ನಲವತ್ತರೊಳಗಿನ ದುಡಿಯುವ ಪ್ರಾಯದ ಗಂಡುಮಕ್ಕಳಲ್ಲಿ ಹೆಚ್ಚು. ಶುರುವಿನಲ್ಲಿ ನೋವಿರುವುದಿಲ್ಲ. ನಮ್ಮಲ್ಲಿ ನೋವು ಬಂದರೆ ಮಾತ್ರ ರೋಗ ಅನ್ನುವ ಅಭ್ಯಾಸ. ನೋವಿಲ್ಲದ ಗಟ್ಟಿ ಗಂಟೇ ಇಲ್ಲಿ ಹೆಚ್ಚು ಎಚ್ಚರ ಬೇಕಾದದ್ದು.

ಲಕ್ಷಣಗಳು ಇವು: ವೃಷಣದ ಮೇಲೆ ಕಡಲೆಕಾಳಿನಷ್ಟೋ ಬಟಾಣಿಯಷ್ಟೋ ಗಟ್ಟಿ ಗಂಟು. ಇಲ್ಲವೇ ಇಡೀ ವೃಷಣವೇ ಗಟ್ಟಿಯಾಗಿ ದೊಡ್ಡದಾಗುವುದು. ಚೀಲ ಭಾರವಾದ ಹಾಗೆ ಅನಿಸುವುದು. ಕಿಬ್ಬೊಟ್ಟೆಯಲ್ಲಿ ಮಂದವಾದ ನೋವು. ಕೆಲವರಿಗೆ ಎದೆಯ ಮೊಲೆ ಊದಿಕೊಳ್ಳುತ್ತದೆ. ಹರಡಿದ್ದರೆ ಬೆನ್ನು ನೋವು, ಕೆಮ್ಮು, ಉಬ್ಬಸ, ಕುತ್ತಿಗೆಯಲ್ಲಿ ಗಂಟು ಬರಬಹುದು.

ಯಾಕೆ ಬರುತ್ತದೆ? ಪೂರ್ತಿ ಕಾರಣ ಗೊತ್ತಿಲ್ಲ. ಹುಟ್ಟಿದಾಗ ವೃಷಣ ಚೀಲಕ್ಕೆ ಇಳಿಯದೇ ಇದ್ದವರಲ್ಲಿ, ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದವರಲ್ಲಿ, ಈಗಾಗಲೇ ಒಂದು ಕಡೆ ಬಂದು ಹೋದವರಲ್ಲಿ ಹೆಚ್ಚು. ಪೆಟ್ಟು ಬಿದ್ದಿದ್ದರಿಂದ ಬರುವುದಿಲ್ಲ. ಪೆಟ್ಟು ಬಿದ್ದಾಗ ಮುಟ್ಟಿ ನೋಡುತ್ತಾರೆ, ಆಗ ಮೊದಲೇ ಇದ್ದ ಗಂಟು ಸಿಗುತ್ತದೆ, ಅಷ್ಟೇ. ಬೈಕು ಓಡಿಸಿದ್ದರಿಂದ ಬರುವುದಿಲ್ಲ. ಕೆಟ್ಟ ಚಾಳಿಯಿಂದ ಬರುವುದಿಲ್ಲ. ಇದು ಯಾರ ಪಾಪದ ಫಲವೂ ಅಲ್ಲ. ಗಂಡನಿಂದ ಹೆಂಡತಿಗೆ ಅಂಟುವುದಿಲ್ಲ. ಹುಡುಗರು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ, "ನೀನು ಏನೋ ಮಾಡಿಕೊಂಡಿದ್ದೀಯ" ಅಂತ ಮನೆಯವರು ಅಂದುಬಿಡುತ್ತಾರೆ ಅನ್ನುವ ಭಯ. ದಯವಿಟ್ಟು ಆ ಮಾತು ನಮ್ಮ ಬಾಯಿಂದ ಬರಬಾರದು.

ಇನ್ನೊಂದು ಸಮಾಧಾನದ ಸಂಗತಿ. ಕ್ಯಾನ್ಸರುಗಳಲ್ಲೇ ಅತಿ ಹೆಚ್ಚು ಗುಣವಾಗುವವುಗಳಲ್ಲಿ ಇದೂ ಒಂದು. ಬೇಗ ಹಿಡಿದು ಸರಿಯಾದ ಚಿಕಿತ್ಸೆ ಕೊಟ್ಟರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ಹರಡಿದ ಮೇಲೂ ಬಹಳ ಜನ ಗುಣವಾಗುತ್ತಾರೆ. ಮೊದಲು ಹೀಗಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಎಂಬ ಡಾಕ್ಟರು ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಬೇರೆ ಔಷಧಗಳ ಜೊತೆ ಕೊಟ್ಟು ನೋಡಿದರು. ಅಲ್ಲಿಯವರೆಗೆ ಸಾಯುತ್ತಿದ್ದ ಹುಡುಗರು ಬದುಕತೊಡಗಿದರು.

ನಿಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಗೊತ್ತು. 2011ರ ವಿಶ್ವಕಪ್ ನಮ್ಮ ದೇಶ ಗೆದ್ದಾಗ ಸರಣಿಯ ಶ್ರೇಷ್ಠ ಆಟಗಾರ ಅವರೇ. ಅವರಿಗೆ ಬಂದದ್ದೂ ಇದೇ ಜಾತಿಯ ಕೋಶಗಳ ಕ್ಯಾನ್ಸರ್. ಆದರೆ ಅದು ವೃಷಣದಲ್ಲಲ್ಲ, ಎದೆಯೊಳಗೆ ಎರಡು ಶ್ವಾಸಕೋಶಗಳ ನಡುವೆ ಹುಟ್ಟಿತ್ತು. ಅವರು ಅದೇ ಇಂಡಿಯಾನಾದ ಡಾಕ್ಟರ ಹತ್ತಿರ 2012ರಲ್ಲಿ ಕಿಮೋ ತೆಗೆದುಕೊಂಡು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಭಾರತದ ಪರ ಆಡಿದರು. ಮುಂದೆ ಮದುವೆಯಾಗಿ ತಂದೆಯೂ ಆದರು. ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸಿಸ್‌ಪ್ಲಾಟಿನ್ ಸೇರಿದ ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಸಿಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಏನು ಮಾಡುತ್ತಾರೋ ಅನ್ನುವ ಭಯವೇ ಅರ್ಧ ಜನರನ್ನು ತಡೆಯುತ್ತದೆ. ಮೊದಲು ಡಾಕ್ಟರು ಕೈಯಿಂದ ಪರೀಕ್ಷೆ ಮಾಡುತ್ತಾರೆ. ಎರಡು ನಿಮಿಷದ ಕೆಲಸ. ಆಮೇಲೆ ಸ್ಕ್ಯಾನಿಂಗ್. ನಮಗೆ ಬಸುರಿಯಲ್ಲಿ ಹೊಟ್ಟೆಗೆ ಮಾಡುತ್ತಾರಲ್ಲ, ಅದೇ. ನೋವಾಗುವುದಿಲ್ಲ. ಸಂಶಯ ಬಂದರೆ ಮೂರು ಬಗೆಯ ರಕ್ತ ಪರೀಕ್ಷೆ ಮಾಡುತ್ತಾರೆ.

ಕ್ಯಾನ್ಸರ್ ಸಂಶಯ ಬಲವಾಗಿದ್ದರೆ ತೊಡೆಸಂದಿಯ ಮೇಲ್ಭಾಗದಲ್ಲಿ ಕೊಯ್ದು ಆ ಒಂದು ವೃಷಣವನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೀಲಕ್ಕೆ ಸೂಜಿ ಚುಚ್ಚಿ ಪರೀಕ್ಷೆ ಮಾಡುವುದು, ಚೀಲವನ್ನೇ ಕೊಯ್ಯುವುದು ಇದಕ್ಕೆ ಸರಿಯಲ್ಲ, ಕ್ಯಾನ್ಸರ್ ಹರಡುವ ದಾರಿ ಬದಲಾಗಬಹುದು. ಆದ್ದರಿಂದ ಸ್ಕ್ಯಾನಿಂಗ್ ಮಾಡದೆ "ನೀರು ತೆಗೆದುಬಿಡ್ತೀನಿ" ಅನ್ನುವವರ ಹತ್ತಿರ ಹೋಗಬೇಡಿ. ಆಮೇಲೆ ರೋಗ ಎಷ್ಟಿದೆ ನೋಡಿ, ಕೆಲವರಿಗೆ ಬರೀ ತಪಾಸಣೆ ಸಾಕು, ಕೆಲವರಿಗೆ ಕಿಮೋ ಅಥವಾ ಕರೆಂಟು ಬೇಕು. ಮದುವೆಯಾಗದ ಹುಡುಗನಾದರೆ, ಮಕ್ಕಳಾಗದವರಾದರೆ, ಚಿಕಿತ್ಸೆಗೆ ಮೊದಲು ವೀರ್ಯವನ್ನು ಶೇಖರಿಸಿ ಇಡುವ ಬಗ್ಗೆ ಡಾಕ್ಟರನ್ನು ಕೇಳಿ. ಕೇಳಿದರೆ ತಪ್ಪೇನಿಲ್ಲ.

ಸೋಂಕು ಅಂತ ಹೇಳಿ ಮಾತ್ರೆ ಕೊಟ್ಟಿದ್ದರೆ ಪೂರ್ತಿ ನುಂಗಲಿ. ಆದರೆ ಎರಡು ವಾರದಲ್ಲಿ ಬಾವು ಇಳಿಯದಿದ್ದರೆ ಮತ್ತೆ ಹೋಗಿ, "ಸ್ಕ್ಯಾನಿಂಗ್ ಮಾಡಿಸಿ ಸಾರ್" ಅಂತ ಕೇಳಿ. ಆ ಪಿಕಪ್ ಹುಡುಗನಿಗೆ ಇದೊಂದು ಮಾತು ಗೊತ್ತಿದ್ದಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಖರ್ಚಿನ ವಿಷಯ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆರೋಗ್ಯ ಮಿತ್ರ ಯಾರು ಅಂತ ಕೇಳಿದರೆ ದಾರಿ ಹೇಳುತ್ತಾರೆ. ಬಸ್ಸು, ಊಟದ ಖರ್ಚಿಗೆ ನಮ್ಮ ಸಂಘದ ಉಳಿತಾಯ ಇದೆ. ಇಂಥ ಸಾಲಕ್ಕೆ ಎಲ್ಲರೆದುರು ರೋಗದ ಹೆಸರು ಹೇಳಿಸುವುದು ಬೇಡ. "ಆಸ್ಪತ್ರೆ ಖರ್ಚು" ಅಂತ ನಡಾವಳಿಯಲ್ಲಿ ಬರೆದರೆ ಸಾಕು.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಮಗುವಿಗೆ ಒಂದೇ ಬೀಜ ಸಿಗುತ್ತದೆ, ಇನ್ನೊಂದು ಕಾಣುವುದಿಲ್ಲ. ದೊಡ್ಡವನಾದ ಮೇಲೆ ಇಳಿಯುತ್ತದಾ?

ತಿಂಗಳು ತುಂಬಿ ಹುಟ್ಟುವ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಹೀಗಿರುತ್ತದೆ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಬಿಸಿನೀರು ಹಾಕುವಾಗ, ಮಗು ಆರಾಮವಾಗಿದ್ದಾಗ ಮುಟ್ಟಿ ನೋಡಿ. ಚಳಿಗೆ ಮೇಲೆ ಹೋಗಿ ಬಿಸಿಗೆ ಇಳಿದರೆ ಹೆಚ್ಚಾಗಿ ಚಿಂತೆಯಿಲ್ಲ, ಆದರೂ ಡಾಕ್ಟರಿಗೆ ಒಮ್ಮೆ ತೋರಿಸಿ. ಇಳಿಯುವುದೇ ಇಲ್ಲ ಅಂದರೆ ಮೂರೂವರೆ ತಿಂಗಳ ಲಸಿಕೆಗೆ ಹೋದಾಗಲೇ ತಿಳಿಸಿ. ಆರು ತಿಂಗಳಾದರೂ ಇಳಿಯದಿದ್ದರೆ ಅದು ತಾನಾಗಿ ಇಳಿಯುವುದು ಅಪರೂಪ. ಒಂದು, ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿಸಬೇಕು. ಮದುವೆ ವಯಸ್ಸಿನವರೆಗೆ ಕಾಯಬಾರದು. ಬೇಗ ಮಾಡಿಸಿದರೆ ಮುಂದೆ ಮಕ್ಕಳಾಗುವುದಕ್ಕೂ ಒಳ್ಳೆಯದು, ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ.

ಒಂದು ತೆಗೆದರೆ ಹುಡುಗನಿಗೆ ಹೆಣ್ಣು ಕೊಡುತ್ತಾರಾ ಸಿಸ್ಟರ್?

ಇನ್ನೊಂದು ಚೆನ್ನಾಗಿದ್ದರೆ ಸಂಸಾರಕ್ಕೂ, ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗಡ್ಡ ಮೀಸೆ, ದನಿ ಯಾವುದೂ ಬದಲಾಗುವುದಿಲ್ಲ. ಮದುವೆಯಾಗುವ ಹುಡುಗಿಗೆ ವಿಷಯ ತಿಳಿಸುವುದು ನ್ಯಾಯ. ಊರಿಗೆಲ್ಲ ಸಾರುವುದು ಬೇಡ.

ದಿನಾ ಮುಟ್ಟಿ ನೋಡಿಕೊಳ್ಳಬೇಕಾ?

ದಿನಾ ಬೇಡ, ಭಯದಿಂದಲೂ ಬೇಡ. ಬಿಸಿನೀರಿನ ಸ್ನಾನ ಆದ ಮೇಲೆ ಯಾವಾಗಲಾದರೂ ಒಮ್ಮೆ ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಹೊರಳಿಸಿ, ತನ್ನದು ಹೇಗಿದೆ ಅಂತ ತಿಳಿದುಕೊಂಡಿದ್ದರೆ ಸಾಕು. ಆಗ ಬದಲಾದರೆ ಗೊತ್ತಾಗುತ್ತದೆ.

ಮಗನ ಹತ್ತಿರ ಈ ಮಾತು ಎತ್ತುವುದು ಹೇಗೆ?

ಉಪನ್ಯಾಸ ಬೇಡ. "ಇವತ್ತು ಸಂಘದಲ್ಲಿ ಇಂಥದ್ದು ಹೇಳಿದರು, ಈ ಕಾಗದ ಓದು" ಅಂತ ಈ ಕರಪತ್ರವನ್ನು ಅವನ ಕೈಗೆ ಕೊಡಿ. ಅಪ್ಪನೋ ಮಾವನೋ ಹೇಳಿದರೆ ಇನ್ನೂ ಸುಲಭ. ಡಾಕ್ಟರ ಮುಂದೆ ಬಾಯಿ ಬರದಿದ್ದರೆ, "ನನ್ನ ವೃಷಣದಲ್ಲಿ ಗಂಟು ಇದೆ, ಪರೀಕ್ಷೆ ಮಾಡಿ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಲಿ. ಗಂಡು ಡಾಕ್ಟರೇ ಬೇಕು ಅಂತ ಕೇಳಬಹುದು, ಅದರಲ್ಲಿ ಸಂಕೋಚವಿಲ್ಲ.

ನೆನಪಿಡಿ

1. ಇದ್ದಕ್ಕಿದ್ದಂತೆ ವಿಪರೀತ ನೋವು, ವಾಂತಿ: ಆ ಗಳಿಗೆಯೇ ಆಸ್ಪತ್ರೆಗೆ. ಆರು ಗಂಟೆ ಮೀರಬಾರದು.
2. ಒಳಗೆ ಹೋಗದ ಗಟ್ಟಿ ಬಾವು, ನೋವು, ವಾಂತಿ: ತಕ್ಷಣ ಆಸ್ಪತ್ರೆಗೆ.
3. ಜ್ವರ, ಕೆಂಪು ಬಾವು, ಉರಿಮೂತ್ರ: ಅದೇ ದಿನ ಡಾಕ್ಟರಿಗೆ ತೋರಿಸಿ.
4. ನೋವಿಲ್ಲದ ಗಂಟು, ಗಟ್ಟಿಯಾದ ವೃಷಣ, ಹೊಸ ಬಾವು: ಅದೇ ವಾರದಲ್ಲಿ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿ.
5. ಮಗುವಿನ ವೃಷಣ ಚೀಲಕ್ಕೆ ಇಳಿಯದಿದ್ದರೆ: ಆರು ತಿಂಗಳಿಗೆ ಮಕ್ಕಳ ಡಾಕ್ಟರಿಗೆ ತೋರಿಸಿ.
6. ಶಾಖ, ಪಟ್ಟು, ಮಂತ್ರ, ಮೆಡಿಕಲ್ ಶಾಪಿನ ಮಾತ್ರೆ: ಯಾವುದೂ ಬೇಡ.

ಅಕ್ಕತಂಗಿಯರೇ, ಹತ್ತು ರೂಪಾಯಿ ಉಳಿತಾಯದಿಂದ ಶುರು ಮಾಡಿದ ನಾವು ಇವತ್ತು ಬ್ಯಾಂಕಿಗೆ ಹೋಗಿ ಮ್ಯಾನೇಜರ ಎದುರು ಕುಳಿತು ಮಾತಾಡುತ್ತೇವೆ. ಸ್ತನದ ಗಂಟು ಅಂತ ಹೇಳಲು ನಾಚುತ್ತಿದ್ದವರು ಈಗ ಸಭೆಯಲ್ಲೇ ಕೈ ಎತ್ತಿ ಕೇಳುತ್ತೇವೆ. ಆ ಧೈರ್ಯವನ್ನು ಇವತ್ತು ಮನೆಗೆ ಕೊಂಡೊಯ್ಯಿರಿ. ಮುಂದಿನ ಸಭೆಗೆ ಬರುವ ಮೊದಲು ಪ್ರತಿಯೊಬ್ಬರೂ ಮನೆಯ ಒಬ್ಬ ಗಂಡಸಿಗಾದರೂ ಈ ಕಾಗದ ಓದಲು ಕೊಡಬೇಕು, ಓದಲು ಬಾರದವರಿಗೆ ಮಕ್ಕಳ ಕೈಲಿ ಅಲ್ಲ, ನೀವೇ ಹೇಳಬೇಕು. ಇನ್ನೊಬ್ಬ ತಾಯಿ ನನ್ನೆದುರು "ಒಂದೇ ಪಾತ್ರೆಯ ಅನ್ನ ಉಂಡೆವು, ಗೊತ್ತಾಗಲಿಲ್ಲ" ಅಂತ ಹೇಳುವ ಹಾಗೆ ಆಗದಿರಲಿ.